ಇಲ್ಲದ ಕೋಟಿನ ಬೆಲೆ

ನಮ್ಮ ಸೋದರಮಾವ ಕಳೆದ ಒಂದು ವರ್ಷದಲ್ಲಿ ಏನಿಲ್ಲವೆಂದರೂ ಮುನ್ನೂರು ಸಲ ಸತ್ತಿದ್ದಾರೆ. ಪ್ರತಿ ಸಲವೂ ಸಾವಿಗೆ ಕಾರಣ ಒಂದೇ: ಕೊಲ್ಲಲು ಬಂದವನ ಕಾಲರ್ ಹೇಗೆ ಕೂತಿದೆ ಎಂದು ನೋಡುತ್ತ ನಿಂತದ್ದು!

ಗಾಬರಿಯಾಗಬೇಡಿ. ಸತ್ತದ್ದು ಮೊಬೈಲಿನ ಬಂದೂಕಿನ ಆಟದಲ್ಲಿ. ಹೊರಗಡೆ ಅವರು ಚಾಮರಾಜಪೇಟೆಯ ತಮ್ಮ ಆರಡಿ ಅಗಲದ ಟೈಲರ್ ಅಂಗಡಿಯಲ್ಲಿ, ಕೊರಳಿಗೆ ಟೇಪು ಹಾಕಿಕೊಂಡು ಕ್ಷೇಮವಾಗಿದ್ದಾರೆ. ಒಂದು ಕಾಲಕ್ಕೆ ಆ ಭಾಗದ ಮದುವೆ ಗಂಡುಗಳೆಲ್ಲ ಅವರು ಹೊಲಿದ ಕೋಟು ತೊಟ್ಟೇ ಮಂಟಪ ಹತ್ತುತ್ತಿದ್ದರು. ಈಗ ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡುವುದೇ ಕಸುಬು. ಕೋಟಿಗೆ ಕತ್ತರಿ ಇಟ್ಟು ಎಷ್ಟು ವರ್ಷವಾಯಿತೋ!

ಅವರನ್ನು ಯುದ್ಧಕ್ಕೆ ಇಳಿಸಿದ ಪಾಪ ನನ್ನದು. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದೆ. (ಮೂವತ್ತೆರಡು ವರ್ಷದ ಸರ್ಕಾರಿ ಗುಮಾಸ್ತೆ ಹೀಗೆ ಗುಂಡು ಹಾರಿಸಬಹುದೇ? ನಮ್ಮ ಕಚೇರಿಯಲ್ಲಿ ಒಂದು ವಾರ ಕೂತು ನೋಡಿ, ಆಮೇಲೆ ಕೇಳಿ.) ಪರದೆಯ ಮೇಲೆ ಒಂದು ಕಡುನೀಲಿ ಉದ್ದ ಕೋಟು ತೇಲಿ ಬಂತು. ಮಾವನ ಕತ್ತರಿ ನಿಂತಿತು.

"ಏನೇ ಅದು?"

"ಆಟದೊಳಗಿನ ಡ್ರೆಸ್ಸು ಮಾವ. ಆಟ ಫ್ರೀ, ಡ್ರೆಸ್ಸಿಗೆ ದುಡ್ಡು. ಇದಕ್ಕೆ ಸುಮಾರು ಒಂಬೈನೂರು ರೂಪಾಯಿ."

"ಗುಂಡು ತಡಿಯತ್ತಾ?"

"ಇಲ್ಲ."

"ಚಳಿ?"

"ಇಲ್ಲ ಮಾವ, ಮುಟ್ಟೋಕೇ ಆಗಲ್ಲ."

"ಬಟ್ಟೆ ಇಲ್ಲ, ಲೈನಿಂಗ್ ಇಲ್ಲ, ಒಂದು ಗುಂಡಿ ಇಲ್ಲ. ಬರೀ ಮಜೂರೀನೇ ಒಂಬೈನೂರಾ!" ಮಾವ ಕನ್ನಡಕ ಹಣೆಗೇರಿಸಿದರು. "ಹೊಲಿದೋನು ಯಾರೇ ಆ ಪುಣ್ಯಾತ್ಮ?"

ಅದನ್ನು ಪತ್ತೆಮಾಡಲೆಂದೇ ತಮ್ಮ ಫೋನಿಗೂ ಆಟ ಹಾಕಿಸಿಕೊಂಡರು. ಬೆಲೆಪಟ್ಟಿ ಓದುತ್ತ ಓದುತ್ತ ಅವರ ರಕ್ತದೊತ್ತಡ ಏರಿತು. ಕೋಟಿನ ಬೆಲೆ ಸಾವಿರದ ನೂರು ನಾಣ್ಯ. ಆದರೆ ನಾಣ್ಯ ಮಾರುವುದು ಐನೂರರ ಗಂಟುಗಳಲ್ಲಿ. ಮೂರು ಗಂಟು ಕೊಳ್ಳಬೇಕು, ನಾನೂರು ನಾಣ್ಯ ಉಳಿಯುತ್ತದೆ. ಆ ನಾನೂರಕ್ಕೆ ಏನು ಬರುತ್ತದೆ? ಒಂದು ಟೋಪಿಯೂ ಬರುವುದಿಲ್ಲ, ಅದಕ್ಕೆ ನಾನೂರೈವತ್ತು!

"ಎರಡೂಕಾಲು ಮೀಟರ್ ಸಾಕು ಅಂದ್ರೆ ಮೂರು ಮೀಟರ್ ತಗೊಳ್ಳಿ ಅಂತಾರೆ. ಉಳಿದ ತುಂಡು ಮಾತ್ರ ಅವರ ಬೀರೂನಲ್ಲಿ! ನಾವು ಉಳಿದಿದ್ರಲ್ಲಿ ಮಗೂಗೆ ಚಡ್ಡಿನಾದ್ರೂ ಹೊಲಿದು ಕೊಡ್ತಿದ್ವಿ," ಎಂದು ಗುಡುಗಿದರು.

'ಅರ್ಧ ಬೆಲೆ, ಇನ್ನು ಹನ್ನೊಂದು ಗಂಟೆ ಮಾತ್ರ' ಎಂಬ ಪ್ರಕಟಣೆಯನ್ನಂತೂ ಗಿರಾಕಿಯನ್ನು ಕಾಯುವ ಹಾಗೆ ಎದುರಿಗಿಟ್ಟುಕೊಂಡು ಕೂತರು. ಗಡುವು ಮುಗಿಯಿತು. ಎರಡು ದಿನ ಬಿಟ್ಟು ಅದೇ ಅರ್ಧ ಬೆಲೆ, ಅದೇ ಹನ್ನೊಂದು ಗಂಟೆ! "ಆಷಾಢದ ಸೇಲಿಗಾದ್ರೂ ಶ್ರಾವಣ ಅಂತ ಒಂದಿದೆ ಕಣೆ," ಎಂದರು.

ಇಷ್ಟಾದರೂ ಆಟ ಬಿಡಲಿಲ್ಲ. ಆ ಆಟದಲ್ಲಿ ಒಂದು ದ್ವೀಪವಿದೆ. ಅಲ್ಲಿ ಸದಾ ಇಳಿಬಿಸಿಲು. ಮೊಣಕಾಲೆತ್ತರದ ಹೊಂಬಣ್ಣದ ಹುಲ್ಲು ಗಾಳಿಗೆ ಒಂದೇ ಕಡೆ ಬಾಗಿರುತ್ತದೆ, ಅದರಾಚೆ ಅಲೆಯ ಸದ್ದೇ ಇಲ್ಲದ ಸಮುದ್ರ. ಉಳಿದವರೆಲ್ಲ ಬಂದೂಕು ಹುಡುಕುತ್ತ ಓಡುವಾಗ ಮಾವ ಬರಿಗೈಯಲ್ಲಿ ಹುಲ್ಲಿನ ನಡುವೆ ಸುಮ್ಮನೆ ನಡೆಯುವರು. ದೂರದಲ್ಲಿ ಯಾರದೋ ಕೋಟಿನ ಅಂಚು ಗಾಳಿಗೆ ಹಾರುವುದನ್ನು ನೋಡಿದರೆ ಸಾಕು, ಕಣ್ಣು ಅರ್ಧ ಮುಚ್ಚುವರು. "ಬಟ್ಟೆ ಎಷ್ಟು ಚೆನ್ನಾಗಿ ಬೀಳತ್ತೆ ನೋಡೇ," ಎನ್ನುವಷ್ಟರಲ್ಲಿ ಢಂ! ಮಾವ ಸ್ವರ್ಗಸ್ಥರು.

ಒಂದು ಭಾನುವಾರ ಆ ನೀಲಿ ಕೋಟನ್ನೇ ತೊಟ್ಟವನೊಬ್ಬ ಎದುರಾದ. ಹತ್ತಿರ ಬಂದವರ ಮಾತು ಪರಸ್ಪರ ಕೇಳಿಸುವ ಆಟ ಅದು. ಅವನು ಬಂದೂಕು ಎತ್ತಿದ.

"ತಡಿಯಪ್ಪ, ಹೊಡೀಬೇಡ," ಎಂದರು ಮಾವ. "ಸ್ವಲ್ಪ ತಿರುಗು. ಬೆನ್ನು ಹೇಗೆ ಕೂತಿದೆ ನೋಡ್ಬೇಕು."

ಬಂದೂಕು ಕೆಳಗಿಳಿಯಿತು. ನೀಲಿ ಕೋಟು ನಿಧಾನವಾಗಿ ಒಂದು ಸುತ್ತು ತಿರುಗಿತು. ಹುಲ್ಲು ಬಾಗುತ್ತಿತ್ತು, ಸಮುದ್ರ ಹೊಳೆಯುತ್ತಿತ್ತು. ಯುದ್ಧವೇ ನಿಂತುಹೋದ ಹಾಗಿತ್ತು.

"ಅಂಕಲ್, ನೀವು ಬೆಂಗಳೂರವರಾ? ನಾನು ಶ್ರೀರಾಂಪುರ," ಎಂದಿತು ಒಂದು ತರುಣ ದನಿ.

"ಚಾಮರಾಜಪೇಟೆ, ಟೈಲರ್ರು. ಅಷ್ಟು ದುಡ್ಡು ಕೊಟ್ಟು ಇದನ್ಯಾಕಪ್ಪ ತಗೊಂಡೆ?"

"ಹುಟ್ಟಿದಾಗ್ಲಿಂದ ನನ್ನ ಎಡಭುಜ ಇಳಿದಿದೆ ಅಂಕಲ್. ಅಂಗಡೀಲಿ ಯಾವ ಕೋಟು ಹಾಕ್ಕೊಂಡ್ರೂ ಜಾರತ್ತೆ. ತೋರ್ಸೋರು ಮುಖ ಮುಖ ನೋಡ್ಕೋತಾರೆ. ಇಲ್ಲಿ ಮಾತ್ರ ನೆಟ್ಟಗೆ ಕೂರತ್ತೆ."

ಬೆಲೆಯ ಬಗ್ಗೆ ಒಂದು ವರ್ಷ ಕೂಗಾಡಿದ ನಮ್ಮ ಮಾವ ಮೆಲ್ಲಗೆ, "ಆ ಭುಜದ ಒಳಗಡೆ ಒಂದು ಪದರ ಕ್ಯಾನ್ವಾಸ್ ಬಟ್ಟೆ ಜಾಸ್ತಿ ಕೊಟ್ರೆ ಆಯ್ತು. ಬಾ ನಮ್ಮಂಗಡಿಗೆ. ಅಡ್ರೆಸ್ ಬರ್ಕೋ..." ಎನ್ನುತ್ತಿದ್ದಂತೆ ಹಿಂದಿನಿಂದ ಬಂದ ಮೂರನೆಯವನೊಬ್ಬ ಇಬ್ಬರನ್ನೂ ಹೊಡೆದು ಉರುಳಿಸಿದ!

"ಲೋ, ಅಡ್ರೆಸ್ ಹೇಳ್ತಿದೀನಿ ತಡಿಯೋ!" ಎಂದು ಮಾವ ಫೋನಿಗೆ ಕಿರುಚಿದರು. ಪರದೆ ಕಪ್ಪಾಗಿತ್ತು. ಮರುದಿನದಿಂದ ದ್ವೀಪವಿಡೀ ಹುಡುಕಿದರು. ಅವನು ಸಿಗಲಿಲ್ಲ.

ಎರಡು ವಾರದ ಮೇಲೆ ಅಂಗಡಿಯ ಮೆಟ್ಟಿಲ ಬಳಿ ಯಾರನ್ನೋ ಹುಡುಕುವವನಂತೆ ಒಬ್ಬ ಯುವಕ ನಿಂತಿದ್ದ. "ಇಲ್ಲಿ ಗೇಮ್ ಆಡೋ ಟೈಲರ್ ಅಂಕಲ್..." ಎಂದು ಅನುಮಾನಿಸಿದ. ಹನ್ನೊಂದು ಟೈಲರ್ ಅಂಗಡಿಯಲ್ಲಿ ಹಾಗೆ ಕೇಳಿ ನಗೆಪಾಟಲಾಗಿ ಬಂದಿದ್ದನಂತೆ! ಮಾವ ಅವನ ಎಡಭುಜದ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಮೂರು ಟ್ರಯಲ್ ಆಯಿತು. ಒಂದು ತೋಳನ್ನು ಮಾವ ಎರಡು ಸಲ ಬಿಚ್ಚಿ ಹೊಲಿದರು. ಮಜೂರಿಯನ್ನು ಮಾತ್ರ ಪೂರ್ತಿ ತೆಗೆದುಕೊಂಡರು. ನಾನು ಕಣ್ಣು ಬಿಟ್ಟೆ. "ಸುಮ್ನೆ ಕೊಟ್ರೆ ಮುಲಾಜಿನಲ್ಲಿ ಹಾಕ್ಕೋತಾನೆ. ದುಡ್ಡು ಕೊಟ್ರೆ ತನ್ನದು ಅಂತ ಹಾಕ್ಕೋತಾನೆ," ಎಂದರು.

ಅವನು ಕನ್ನಡಿಯ ಮುಂದೆ ನಿಂತ. ಬಲಗಡೆ ನೋಡಿದ, ಎಡಗಡೆ ನೋಡಿದ. ಮಡಚಿ ಕೊಡಲೇ ಎಂದು ನಾನು ಕೇಳಿದರೆ ತಲೆಯಾಡಿಸಿ, ಏಪ್ರಿಲ್ ಬಿಸಿಲಿಗೆ ಉಣ್ಣೆಕೋಟು ತೊಟ್ಟುಕೊಂಡೇ ಬಸ್‌ಸ್ಟಾಪಿನ ಕಡೆ ನಡೆದ. ರಸ್ತೆಯಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ಅವನು ಭುಜ ಮುಚ್ಚಿಕೊಳ್ಳಲಿಲ್ಲ.

"ಊಟ ಆರ್‍ತಿದೆ ಮಾವ, ಬನ್ನಿ," ಎಂದೆ.

"ಇರೇ," ಎಂದರು ಮೆಟ್ಟಿಲ ಮೇಲೆ ನಿಂತ ಮಾವ, ನನ್ನ ಕಡೆ ತಿರುಗದೆ. "ಅವನು ಬಸ್ ಹತ್ತಲಿ."