ಕೊಟ್ಟೂರಿನ ಟೇಬಲ್ಲು, ಬೆಂಗಳೂರಿನ ಆ್ಯಪು

ನಾಕು ಮಂದಿಯನ್ನು ಗಾಡಿ ಹತ್ತಿಸುವ ಕೆಲಸಕ್ಕೆ ಸೇರಿದವರಿಗೆ ನಗುವುದಕ್ಕೆ ಬೇರೆ ಹುಡುಕಾಟ ಬೇಕಿಲ್ಲ. ಯಾರಾದರೊಬ್ಬರು ಎಲ್ಲಾದರೊಂದು ಕಡೆ ತಪ್ಪು ಗಾಡಿ ಹತ್ತಿಯೇ ಇರುತ್ತಾರೆ.

ಕೊಟ್ಟೂರಿನಲ್ಲಿ ನಮ್ಮದೊಂದು ಗಾಳಿ ವಿದ್ಯುತ್ ಕಂಪನಿಯ ಆಫೀಸು. ಎಂಜಿನಿಯರುಗಳನ್ನು ಗುಡ್ಡದ ಮೇಲಿನ ಫ್ಯಾನುಗಳಿಗೆ ಕಳಿಸಿ, ಸಂಜೆಗೆ ವಾಪಸು ತರಿಸುವ ಟೇಬಲ್ಲು ನನ್ನದು. ಗಾಳಿಯಂತ್ರಕ್ಕೆ ನಮ್ಮ ಕಡೆ ಎಲ್ಲರೂ ಫ್ಯಾನು ಅಂತಲೇ ಅನ್ನುವುದು. ಈಚೆಗೆ ಆ ಟೇಬಲ್ಲಿಗೇ ಕುತ್ತು ಬಂತು. ಬೆಂಗಳೂರಿನಿಂದ ಬಂದ ಹೊಸ ಎಂಡಿ ಸಾಹೇಬರು ನನ್ನನ್ನು ಕರೆದರು.

"ಮೇಡಂ, ಕಂಪನಿಗಳ ಪ್ರಯಾಣ ನೋಡ್ಕೊಳ್ಳೋರ ಸಮಾವೇಶ ಇದೆ ಬೆಂಗಳೂರಲ್ಲಿ. ಎರಡು ದಿನ ಹೋಗಿಬನ್ನಿ. ಆ ಎರಡು ದಿನ ಇಲ್ಲಿ ಎಲ್ಲಾ ಗಾಡಿ ಆ್ಯಪಲ್ಲೇ ಬುಕ್ ಮಾಡ್ತೀವಿ. ನಾನೇ ಓಡಾಡಿ ನೋಡ್ತೀನಿ. ಸರಿಹೋದರೆ ನಿಮ್ಮ ಟೇಬಲ್ ಬೇಕಾಗಲ್ಲ."

ನನ್ನನ್ನು ಊರು ಬಿಡಿಸಿ, ನನ್ನ ಕೆಲಸಕ್ಕೆ ಎಳ್ಳುನೀರು ಬಿಡುವ ಏರ್ಪಾಡು. "ಆಗಲಿ ಸರ್" ಎಂದು ಹೊರಟೆ.

ಐದು ಊರಿನ ಯಜಮಾನಿ

ಸ್ಟಾರ್ ಹೋಟೆಲಿನ ಬಾಗಿಲಲ್ಲೇ ಕೊರಳಿಗೊಂದು ಕಾರ್ಡು ಹಾಕಿದರು. ಕಾಫಿ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು, "ನೀವು ಎಷ್ಟು ಸಿಟಿ ನೋಡ್ಕೋತೀರಾ ಮ್ಯಾಮ್? ನಂದು ಸಿಂಗಪುರ, ಲಂಡನ್, ಫ್ರಾಂಕ್‌ಫರ್ಟ್."

"ನಂದು ಐದು," ಎಂದೆ. "ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ."

ಮೂರನೆಯ ಹೆಸರಿಗೇ ಆಕೆಯ ಕಣ್ಣು ದೊಡ್ಡದಾಗಿತ್ತು. "ನಮಗೆ ವೀಸಾದ್ದೇ ತಲೆನೋವು. ನಿಮಗೆ ಅದಿಲ್ಲ ಬಿಡಿ."

"ಯಾಕಿಲ್ಲಮ್ಮಾ? ಡ್ರೈವರ್ ಹೆಂಡತಿ ಬಿಡಬೇಕಲ್ಲ. ಅಮಾಸಿ ದಿನ ಅಂತೂ ಯಾವ ರಾಯಭಾರಿ ಬಂದು ಕೇಳಿದರೂ ಆಕೀ ಸಹಿ ಬೀಳೂದಿಲ್ಲ."

ಕರ್ಚೀಫಿನ ಕಾನೂನು

ಸಭಾಂಗಣ ತುಂಬುತ್ತಿತ್ತು. ಚಹಾ ಕುಡಿದು ಬರೋಣವೆಂದು ಮೊದಲ ಸಾಲಿನ ಒಂದು ಕುರ್ಚಿಗೆ ಕರ್ಚೀಫು ಹಾಕಿ ಹೋದೆ. ಕಾಲೇಜಿನ ದಿನಗಳಲ್ಲಿ ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿದ ಕೈ, ತಾನಾಗಿಯೇ ಹಾಕಿಬಿಟ್ಟಿತು.

ಬಂದು ನೋಡಿದರೆ ಆ ಕುರ್ಚಿಯ ಪಕ್ಕ ಸೂಟು ತೊಟ್ಟ ಒಬ್ಬರು ನಿಂತಿದ್ದಾರೆ. "ಸರ್, ಇದು ನಿಮ್ಮದೇ ಕುರ್ಚಿ, ಹಿಂದೆ ನಿಮ್ಮ ಹೆಸರೇ ಅಂಟಿಸಿದೆ, ದಯವಿಟ್ಟು ಕೂತ್ಕೊಳ್ಳಿ" ಎಂದು ಸಮಾವೇಶದವರು ಅಂಗಲಾಚುತ್ತಿದ್ದಾರೆ. ಹೆಸರು ಓದಿದೆ. ಅಂದಿನ ಮುಖ್ಯ ಭಾಷಣಕಾರರು. ಅದಕ್ಕೂ ಮುಖ್ಯವಾಗಿ, ನಮ್ಮ ಎಂಡಿ ಮೆಚ್ಚಿದ ಆ್ಯಪಿನ ಮಾಲೀಕರು!

ಓಡಿಹೋಗಿ ಕರ್ಚೀಫು ಎತ್ತಿಕೊಂಡೆ. "ತಪ್ಪಾತು ಸರ್, ನಂದು."

ಅವರು ಮೆಲ್ಲಗೆ ಹೇಳಿದರು, "ಅದಕ್ಕ ನಿಂತೀನ್ರಿ. ನಾನು ಹಡಗಲಿಯವ. ಕರ್ಚೀಫ್ ಬಿದ್ದ ಸೀಟಿನ್ಯಾಗ ಕುಂತ್ರ ಏನಾಗತೈತಿ ಅಂತ ನನಗ ಗೊತ್ತಿಲ್ಲೇನು?"

ಒಗ್ಗರಣಿ ಸಾಫ್ಟ್‌ವೇರು

ಮಧ್ಯಾಹ್ನ ಒಂದು ಚರ್ಚೆ. ಕೆಲಸದ ಮೇಲೆ ಹೋದ ಸಿಬ್ಬಂದಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ತಿಳಿಯುವುದು ಹೇಗೆ? ಒಬ್ಬರು ಉಪಗ್ರಹ ಎಂದರು, ಇನ್ನೊಬ್ಬರು ಕೈಗೆ ಕಟ್ಟುವ ಯಂತ್ರ ಎಂದರು. ಮೈಕು ನನ್ನ ಕೈಗೂ ಬಂತು.

"ನಮ್ಮ ಎಂಜಿನಿಯರ್ ಹಿರೇಹಡಗಲಿಯಲ್ಲಿ ಬಸ್ ಇಳಿದ ಹತ್ತು ನಿಮಿಷಕ್ಕೆ ನನಗೆ ಫೋನ್ ಬರುತ್ತೆ. ಮಿರ್ಚಿ ಬಜ್ಜಿ ಅಂಗಡಿ ಆಕೀದು. 'ಯಕ್ಕಾ, ನಿಮ್ಮ ಹುಡುಗ ಇಳದಾನ. ಮಾರಿ ಸಣ್ಣದಾಗೈತಿ. ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ ತಿಂದ, ಮಿರ್ಚಿ ಒಲ್ಲೆ ಅಂದ. ಮನಿಯಾಗ ಏನರ ಜಗಳ ಆಗೈತೇನು ಕೇಳು.'"

ಸಭೆಯೆಲ್ಲ ನಕ್ಕಿತು. ಹಿಂದಿನ ಸಾಲಿನ ಒಬ್ಬರು ಮಾತ್ರ ನಗದೆ ಪೆನ್ನು ತೆಗೆದರು. "ಮನಸ್ಸಿನ ಸ್ಥಿತಿಯನ್ನೂ ಹೇಳುತ್ತಾ? ತುಂಬಾ ಮುಂದುವರಿದ ವ್ಯವಸ್ಥೆ ಮೇಡಂ. ಎಂದೂ ಕೈಕೊಡಲ್ವಾ?"

"ಸಂತಿ ದಿನ ಸ್ವಲ್ಪ ನಿಧಾನ ಸರ್. ಎಣ್ಣಿ ಮುಂದ ಕುಂತಿರ್ತಾಳ, ಫೋನ್ ಹಿಡಿಯಾಕ ಕೈ ಬಿಡುವಿರೂದಿಲ್ಲ."

ಹತ್ತಿರದ ಗಾಡಿ

ಇಷ್ಟೆಲ್ಲ ನಗಿಸುವಾಗಲೂ ಫೋನನ್ನೇ ನೋಡುತ್ತಿದ್ದೆ. ಆಫೀಸಿನಿಂದ ಒಂದೇ ಒಂದು ದೂರು ಬಂದಿರಲಿಲ್ಲ. ಆ್ಯಪು ಗೆದ್ದಿತು ಎಂದುಕೊಂಡು, ಡ್ರಾಯರಿನಿಂದ ಮನೆಗೆ ಏನೇನು ಒಯ್ಯಬೇಕೆಂದು ಮನಸ್ಸಿನಲ್ಲೇ ಪಟ್ಟಿ ಹಾಕುತ್ತಿದ್ದೆ. ಎರಡನೆಯ ದಿನ ಊಟದ ಸಾಲಿನಲ್ಲಿ ನಿಂತಾಗ ಎಂಡಿ ಫೋನು.

"ಮೇಡಂ, ಚಿಗಟೇರಿ ಬಸ್ ಸ್ಟ್ಯಾಂಡಲ್ಲಿದ್ದೀನಿ. ಬೆಳಿಗ್ಗೆ ತಂದುಬಿಟ್ಟ ಗಾಡಿ ಹೊರಟೇಹೋಯ್ತು. ಒಂದು ಗಂಟೆಯಿಂದ ಈ ಆ್ಯಪು 'ಹತ್ತಿರದ ಗಾಡಿ ಹುಡುಕುತ್ತಿದ್ದೇವೆ' ಅಂತಲೇ ಇದೆ. ಮೂರಕ್ಕೆ ಹರಪನಹಳ್ಳೀಲಿ ಮೀಟಿಂಗು!"

ಕೂಡಲೇ ಚಾಚಾಗೆ ಫೋನು ಮಾಡಿದೆ. ಚಿಗಟೇರಿಗೂ ಹರಪನಹಳ್ಳಿಗೂ ನಡುವೆ ಜನ ತುಂಬಿಸಿಕೊಂಡು ಟ್ರ್ಯಾಕ್ಸ್ ಜೀಪು ಓಡಿಸುವ ಹಿರಿಯರು ಅವರು.

"ಚಾಚಾ, ಚಿಗಟೇರಿಯಾಗ ನಮ್ಮ ಸಾಹೇಬ್ರು ಸಿಕ್ಕೊಂಡಾರ."

"ಬಿಳಿ ಅಂಗಿ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ? ನನ್ನ ಗಾಡಿ ಮುಂದನ ನಿಂತಾರಲ್ಲವ್ವಾ. ತಾಸಾತು."

"ಮತ್ತ ಕರೀಬಾರದಾ?"

"ಹರಪನಹಳ್ಳಿ, ಹರಪನಹಳ್ಳಿ ಅಂತ ಕೂಗಿ ಕೂಗಿ ಗಂಟಲು ಬಿದ್ದೈತಿ. ಅವರು ಫೋನಿನಿಂದ ತಲಿ ಎತ್ತಿದ್ರಲ್ಲ! ಹೊಂಟ ಮನುಷ್ಯಾನ್ನ ಎಲ್ಲಿಗೆ ಅಂತ ಕೇಳಾಕ ಬರತೈತೇನು? ಅವರ ಕೆಲಸ ಕೆಟ್ರ ನನ್ನ ತಲಿಮ್ಯಾಲೆ."

"ಈಗ ಹೋಗಿ ಹತ್ತಿಸ್ಕೋರಿ ಚಾಚಾ" ಎಂದು ಫೋನಿಟ್ಟೆ. ಐದು ನಿಮಿಷಕ್ಕೆ ಎಂಡಿ ಮತ್ತೆ ಫೋನು ಮಾಡಿದರು. "ಗಾಡಿ ಸಿಕ್ತು ಮೇಡಂ, ಮುಂದಿನ ಸೀಟಲ್ಲೇ ಕೂತಿದ್ದೀನಿ. ಪರೀಕ್ಷೆ ಮುಗೀತು. ನಿಮ್ಮ ಟೇಬಲ್ಲನ್ನ ಯಾರೂ ಅಲ್ಲಾಡಿಸಲ್ಲ, ಬನ್ನಿ."

ಸಾಲಿನಲ್ಲಿ ನನ್ನ ಹಿಂದೆಯೇ ಇದ್ದ ಹಡಗಲಿಯ ಆ್ಯಪ್ ಮಾಲೀಕರ ತಟ್ಟೆಗೆ ನಾನೇ ಎರಡು ಜಾಮೂನು ಹಾಕಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ, ತಿಂದರು.

"ಆದ್ರೆ ಮೇಡಂ..." ಎಂಡಿ ದನಿ ತಗ್ಗಿತು. "ಗಾಡಿ ಹೊರಡ್ತಾನೇ ಇಲ್ಲ."

ಪಕ್ಕದಿಂದ ಚಾಚಾನ ಒಡಕು ದನಿ ಕೇಳಿಸಿತು. "ಇನ್ನಾ ಇಬ್ಬರು ಬೇಕ್ರಿ ಸಾಹೇಬ್ರ. ತುಂಬಲಾರದ ಗಾಡಿ ಬಿಡೂದಿಲ್ರಿ. ಕೂಗಾಕ ನನಗ ಗಂಟಲಿಲ್ಲ."

"ಹೊತ್ತಾಗ್ತಿದೆ ಮೇಡಂ, ಈಗೇನ್ ಮಾಡೋದು?"

"ಸರ್," ಎಂದೆ, "ನಿಮ್ಮ ಗಂಟಲು ಚೆನ್ನಾಗಿದೆಯಲ್ಲ?"

ಆ ಕಡೆಯಿಂದ ಗಾಡಿಯ ಬಾಗಿಲು ತೆರೆದ ಸದ್ದು. ಅದರ ಹಿಂದೆಯೇ, ಆಫೀಸಿನ ಮೀಟಿಂಗುಗಳಲ್ಲಿ ನಮ್ಮನ್ನೆಲ್ಲ ನಡುಗಿಸುವ ಅದೇ ಗಂಭೀರ ಕಂಠ:

"ಹರಪನಹಳ್ಳೀ... ಹರಪನಹಳ್ಳೀ... ಬರ್ರೀ, ಇನ್ನಿಬ್ರೇ ಇಬ್ರು!"