ಸೊಂಟದ ಸುತ್ತ ಇಪ್ಪತ್ತೇಳು ಪ್ರಶ್ನೆ

ಹೆಡ್‌ಮಿಸ್ ತಮ್ಮ ಮೊಬೈಲನ್ನು ಹೊಲಿಗೆ ಅಂಗಡಿಯ ಕೌಂಟರಿನ ಮೇಲೆ ಕೊಲೆಯ ಸಾಕ್ಷ್ಯದಂತೆ ಇಟ್ಟಾಗ ಗಣಕರಾಯರು ಟ್ರಯಲ್ ರೂಮಿನ ಪರದೆಯ ಹಿಂದೆ ಸ್ಟೂಲು ಹತ್ತಿ ಬಲ್ಬು ಬದಲಿಸುತ್ತಿದ್ದರು. ಇಳಿದು ಓಡಲು ಹಿಂಬಾಗಿಲು ಇರಲಿಲ್ಲ.

"ನಿಮ್ಮ ಅಂಗಡಿಯಿಂದ ಇಮೇಲ್ ಬಂದಿದೆಯಮ್ಮ. ಇಪ್ಪತ್ತೇಳು ಪ್ರಶ್ನಾರ್ಥಕ ಚಿಹ್ನೆ, ಮಧ್ಯದಲ್ಲಿ ನಲವತ್ನಾಲ್ಕು ಅನ್ನೋ ಅಂಕಿ ಮಾತ್ರ ಸ್ಪಷ್ಟವಾಗಿದೆ. ಅದು ನನ್ನ ಸೊಂಟ. ನನ್ನ ಸೊಂಟದ ಮೇಲೆ ನಿಮಗೆ ಇಷ್ಟೊಂದು ಅನುಮಾನವಾ?"

ಅಂಗಡಿಯ ಒಡತಿ, ಅಂದರೆ ರಾಯರ ಶ್ರೀಮತಿ, ಏನೇನೋ ಹೇಳಿ ಅವರನ್ನು ಸಮಾಧಾನಪಡಿಸಿ ಕಳಿಸಿದರು. ಆಮೇಲೆ ಪರದೆ ಸರಿಸಿದರು.

"ಇಳೀರಿ ಕೆಳಗೆ."

ಗಣಕರಾಯರು ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರಿಗೆ ಪ್ರೋಗ್ರಾಮು ಬರೆದೇ ಹೊಟ್ಟೆ ಹೊರೆದವರು. ಗಿರಾಕಿಗಳಿಗೆ "ಬಟ್ಟೆ ಸಿದ್ಧವಾಗಿದೆ, ಅಳತೆ ನೋಡಿಕೊಳ್ಳಿ" ಎಂದು ತಾನಾಗಿಯೇ ಇಮೇಲ್ ಹೋಗುವ ಏರ್ಪಾಟನ್ನು ಹೆಂಡತಿಗೆ ಮಾಡಿಕೊಟ್ಟವರು ಅವರೇ. ಯಾರೂ ಕೇಳಿರಲಿಲ್ಲ. ಅದರ ಮೂಲಕಾರಣ ಷಡ್ಡಕ. ನಾದಿನಿಯ ಗಂಡ, ಕನ್ನಡಕದ ಅಂಗಡಿಯವನು. (ಹೆಂಡತಿಯನ್ನು ನೋಡಿ ಒಪ್ಪಬಹುದು, ಷಡ್ಡಕನನ್ನು ನೋಡಿ ಒಪ್ಪಿದವರುಂಟೇ? ಅವನು ಹೊಸ ಅಂಗಿಯ ಒಳಗೆ ಹೊಲಿದು ಕೊಟ್ಟಿರುವ ಹೆಚ್ಚುವರಿ ಗುಂಡಿಯ ಹಾಗೆ ತಾನಾಗಿ ಬಂದಿರುತ್ತಾನೆ.) ಅವನ ಅಂಗಡಿಯಿಂದ "ಕಣ್ಣು ಪರೀಕ್ಷೆಗೆ ಒಂದು ವರ್ಷವಾಯಿತು, ದಯಮಾಡಿಸಿ" ಎಂಬ ಇಮೇಲ್ ಬಂದಾಗಲೆಲ್ಲ ಶ್ರೀಮತಿಯವರು ಅದನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು.

ಇಂದೂ ಅದನ್ನೇ ತೆಗೆದು ರಾಯರ ಮೂಗಿಗೆ ಹಿಡಿದರು. "ನೋಡ್ರೀ. ಒತ್ತಕ್ಷರ ಕೂಡ ಒಂಚೂರು ಅಲುಗಾಡಿಲ್ಲ. ಕನ್ನಡಕ ಮಾರೋನ ಕನ್ನಡ ಹೀಗಿದೆ. ಅವನೇನು ಓದಿದಾನೆ ಪಾಪ."

"ಪಾಪ ಅಂತೆ," ಎಂದರು ರಾಯರು.

"ಶನಿವಾರದ ತನಕ ನೋಡ್ತೀನಿ. ಹೆಡ್‌ಮಿಸ್ ಶಾಲೆಯ ಸಮವಸ್ತ್ರದ ಆರ್ಡರ್ ಕೊಡೋರಿದ್ರು. ಸರಿ ಹೋಗಲಿಲ್ಲವೋ, ಈ ಕೆಲಸ ಅವನ ಕೈಗೆ ಕೊಡ್ತೀನಿ."

ರಾಯರ ಪಾಲಿಗೆ ಇದು ಕತ್ತರಿ ಆಡಿಸದೆ ಕತ್ತರಿಸಿದ ಹಾಗಾಯಿತು.

ರೋಗ ಏನೆಂದು ಅವರಿಗೆ ಗೊತ್ತು. ಇದು ಯಾವ ಲಿಪಿಯ ಪತ್ರ, ಯಾವ ಸಂಕೇತಪದ್ಧತಿಯಲ್ಲಿ ಓದಬೇಕು ಎಂದು ಬಿಡಿಸಿ ಹೇಳದಿದ್ದರೆ ಪ್ರೋಗ್ರಾಮು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಒಳಗೆ ಬಿಡುತ್ತದೆ. ಉಳಿದವರನ್ನೆಲ್ಲ ಬಾಗಿಲಲ್ಲೇ ತಡೆದು, ಅವರವರ ಜಾಗದಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ನಿಲ್ಲಿಸುತ್ತದೆ. ಮಂಗಳವಾರ ರಾಯರು "ಯುಟಿಎಫ್-ಎಂಟು" ಎಂಬ ಮಂತ್ರ ಸೇರಿಸಿದರು. ಪತ್ರದ ಒಡಲು ಫಳಫಳ ಹೊಳೆಯಿತು.

"ಒಳಗೆ ಸರಿಯಾಗಿದೆ," ಎಂದರು ಶ್ರೀಮತಿ. "ಹೊರಗೆ ವಿಷಯ ಅಂತ ಇರೋ ಕಡೆ ಇನ್ನೂ ಪ್ರಶ್ನೇನೇ. ವಿಷಯವೇ ಇಲ್ಲದ ಪತ್ರ ಯಾರು ತೆಗೀತಾರೆ?"

ಒಡಲಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ, ತಲೆಗೆ ಪ್ರತ್ಯೇಕ ಹೇಳಬೇಕು. (ಇದು ಇಮೇಲಿನ ದೋಷವೊಂದೇ ಅಲ್ಲ.) ಗುರುವಾರ ತಲೆಗೂ ಹೇಳಿದ್ದಾಯಿತು. ವಿಷಯ ಬಂತು; ಕಳಿಸಿದವರ ಹೆಸರು ಹೋಯಿತು.

"ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ನಾನೇ ಪ್ರಶ್ನೆ ಆಗಿಬಿಟ್ಟೆನಲ್ರೀ."

"ನಾಳೆ ಸರಿ ಮಾಡ್ತೀನಿ ಮಾರಾಯ್ತಿ."

"ಅವನಿಗೆ ಫೋನ್ ಮಾಡ್ಲಾ?"

"ಬೇಡ," ಎಂದ ರಾಯರು, ಶುಕ್ರವಾರ ಸಂಜೆ ತಾವೇ ಅವನ ಅಂಗಡಿಯ ಮೆಟ್ಟಿಲು ಹತ್ತಿದರು. ಕಣ್ಣು ಮಂಜಾಗಿದೆ ಎಂಬುದು ನೆಪ. ಷಡ್ಡಕನ ಕಂಪ್ಯೂಟರಿಗೆ ಕಣ್ಣು ಹಾಕುವುದು ಉದ್ದೇಶ. ಅಂಥ ಪ್ರೋಗ್ರಾಮು ಬರೆದವನು ಯಾರೋ ಪಳಗಿದ ಆಸಾಮಿಯೇ ಇರಬೇಕು. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಸಾಲದೆಂದು, ಆ ಮುಖ ಕಾಣದ ಮಹಾನುಭಾವನ ಮೇಲೂ ರಾಯರು ಐದು ದಿನದಿಂದ ಕಿಚ್ಚು ಕಾಯಿಸುತ್ತಿದ್ದರು.

"ಬನ್ನಿ ಭಾವ, ಅಪರೂಪ. ಗದ್ದ ಇಲ್ಲಿಡಿ. ಹಣೆ ಒತ್ತಿ."

ಗದ್ದವನ್ನು ಯಂತ್ರಕ್ಕೆ ಒಪ್ಪಿಸಿದವನಿಗೆ ಮಾನವನ್ನು ಕಾಪಾಡಿಕೊಳ್ಳುವುದು ಕಷ್ಟ. ಕಂಪ್ಯೂಟರು ಬೆನ್ನ ಹಿಂದಿತ್ತು, ಕತ್ತು ತಿರುಗಿಸುವಂತಿರಲಿಲ್ಲ. ನಾಳೆ ಶನಿವಾರ. ರಾಯರು ಅಭಿಮಾನವನ್ನು ನುಂಗಿ ಬಾಯಿಬಿಟ್ಟರು.

"ಅಲ್ಲಯ್ಯಾ, ನಿನ್ನ ಇಮೇಲಲ್ಲಿ ಒಡಲು, ವಿಷಯ, ಕಳಿಸಿದವರ ಹೆಸರು, ಎಲ್ಲ ಚೆನ್ನಾಗಿ ಬರುತ್ತಲ್ಲ. ಆ ಪ್ರೋಗ್ರಾಮು ಯಾರ ಕೈಲಿ ಬರೆಸಿದೆ? ನನಗೊಂದು ಸಲ ಅವರ ಪರಿಚಯ ಮಾಡಿಸು."

ಷಡ್ಡಕ ಯಂತ್ರದ ಆಚೆಯಿಂದ ತಲೆ ಹೊರಗಿಟ್ಟು ನೋಡಿದ.

"ತಮಾಷೆ ಮಾಡ್ತಿದೀರಾ ಭಾವ? ಅಂಗಡಿ ತೆರೆದ ವರ್ಷ ನೀವೇ ಬಂದು, ಅದೇ ಮೂಲೇಲಿ ಕೂತು, ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟು ಹೋಗಿದ್ದಲ್ವಾ? ಮೊದಲನೇ ಸಾಲಲ್ಲೇ ಹಾಕಿದ್ರಿ, ಏನೂ ಗೊತ್ತಿಲ್ಲದವರು ದಯವಿಟ್ಟು ಇದನ್ನ ಮುಟ್ಟಬೇಡಿ ಅಂತ. ನಾನು ಇವತ್ತಿನ ತನಕ ಮುಟ್ಟಿಲ್ಲ."