ನೀರಿಗೂ ಸತ್ತ ರೋಗಾಣು

ಮಲೇರಿಯಾವನ್ನು ಒಂದೇ ಲೋಟ ಕಷಾಯದಲ್ಲಿ ಭೂಮಿಯಿಂದ ಗುಡಿಸಿ ಹಾಕಿದವನು ನಾನು. ನಂಬದಿದ್ದರೆ ಸೊಳ್ಳೆಗಳನ್ನೇ ಕೇಳಿ. ಇಂದಿಗೂ ನನ್ನನ್ನು ಕಂಡರೆ ಅವು ತಲೆ ತಗ್ಗಿಸುತ್ತವೆ.

ಇಷ್ಟೆಲ್ಲಕ್ಕೂ ಕಾರಣ ನನ್ನ ಭಾಮೈದನ ಒಂದು ಸೀನು.

ಅವನು ಕೆಲಸ ಮಾಡುವ ಲ್ಯಾಬಿನಲ್ಲೇ ನಾನು ಜೀಪ್ ಡ್ರೈವರ್. ನಾಟಿ ವೈದ್ಯರು ಜ್ವರಕ್ಕೆ ಕೊಡುವ ಬೇರು, ತೊಗಟೆ, ಸೊಪ್ಪುಗಳನ್ನು ಹುಲಿ ಕರಡಿಗಳ ಜತೆ ಗುದ್ದಾಡಿ ತರುವುದು ನಾನು. ಅವುಗಳ ರಸಕ್ಕೆ ಮಲೇರಿಯಾ ರೋಗಾಣು ಸಾಯುತ್ತದೆಯೇ ಎಂದು ನೋಡುವುದು ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ. ಅಲ್ಲಿಯವರೆಗೆ ಆ ರೋಗಾಣುಗಳನ್ನು ಹಸುಗೂಸಿನ ಹಾಗೆ ಸಾಕುವುದು ಭಾಮೈದ. ಅವಕ್ಕೆ ಊಟ ಮನುಷ್ಯರ ರಕ್ತ. ಅದನ್ನೂ ಇವನೇ ಕೊಡುತ್ತಾನೆ.

ಈಗಾಗಲೇ ಎರಡು ಸಲ ಅವು ಇವನ ಕೈಯಲ್ಲಿ ಸುಮ್ಮಸುಮ್ಮನೆ ಸತ್ತಿದ್ದವು. "ಇನ್ನೊಂದ್ಸಲ ಸತ್ರೆ ನಿನ್ನನ್ನ ಸೊಳ್ಳೆ ಕೋಣೆಗೆ ಹಾಕ್ತೀನಿ," ಎಂದಿದ್ದರು ಮೇಡಂ. ಆ ಕೋಣೆಯಲ್ಲಿ ಪಂಜರದೊಳಗೆ ತೋಳು ತೂರಿಸಿ ಸೊಳ್ಳೆಗಳಿಗೆ ಊಟ ಹಾಕಬೇಕು. ರೋಗವಿಲ್ಲದ ಸೊಳ್ಳೆಗಳೇ ನಿಜ, ಆದರೆ ಹಸಿವಿಗೇನೂ ಕೊರತೆಯಿಲ್ಲ.

ಆವತ್ತು ರಕ್ತ ಕೊಡುವ ದಿನ. ಬೆಳಿಗ್ಗೆ ಭಾಮೈದ ಸೀನಿದ. ಎದುರುಮನೆಯ ಗೋಡೆ ಬಿರುಕು ಬಿಟ್ಟಿತು.

"ಅಯ್ಯೋ, ಇವತ್ತೇ ಶೀತ ಹತ್ತಬೇಕಾ ನಿನಗೆ!" ಎಂದಳು ಅವನ ಅಕ್ಕ, ಅಂದರೆ ನನ್ನ ಹೆಂಡತಿ. ನಾನು ಜೀಪಿನ ಚೀಲದ ತಳದಲ್ಲಿದ್ದ ಸೊಪ್ಪನ್ನು ಬಾಚಿ ತಂದು ಕುದಿಸಿದೆ.

"ಔಷಧ ತಗೊಂಡು ರಕ್ತ ಕೊಡಬಾರ್ದು ಭಾವ. ಅಷ್ಟಕ್ಕೂ ಇದು ಯಾವ ಸೊಪ್ಪು?"

"ಸೊಪ್ಪಿನ ಜಾತಕ ಕೇಳ್ತಾ ಕೂತ್ಕೋಬೇಡ. ಮೂಗು ಹಿಡ್ಕೊಂಡು ಕುಡಿ!"

ಕುಡಿದ. ಹಿಂಡಿದ ಒದ್ದೆ ಬಟ್ಟೆಯ ಹಾಗಾಯಿತು ಮುಖ. ಲ್ಯಾಬಿನ ಗೇಟಿನಲ್ಲಿ ಮತ್ತೆ ಸೀನಿದ; ಕಾವಲುಗಾರ ಅವನ ದವಡೆಗೆ ಒಂದು ಬೇರು ತುರುಕಿದ. ಮೆಟ್ಟಿಲ ಮೇಲೆ ಸೀನಿದ. ಗುಮಾಸ್ತರು ತೊಗಟೆಪುಡಿ ನೆಕ್ಕಿಸಿದರು. ತನ್ನ ಕುರ್ಚಿ ಮುಟ್ಟುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಒಂದು ಸಣ್ಣ ಕಾಡೇ ಬೆಳೆದಿತ್ತು.

ಇದನ್ನೆಲ್ಲ ಹೇಳಿದರೆ ಮೇಡಂ ಬೈದಾರೆಂದು ಬಾಯಿ ಮುಚ್ಚಿಕೊಂಡು ರಕ್ತ ಕೊಟ್ಟ. ಆ ರಕ್ತಕ್ಕೆ ರೋಗಾಣು ಬೆರೆಸಿ, ಸಾಲುಸಾಲು ಗುಳಿಗಳಿದ್ದ ತಟ್ಟೆಗೆ ತುಂಬಿದರು. ಒಂದೊಂದು ಸಾಲಿಗೆ ಒಂದೊಂದು ಗಿಡದ ರಸ. ಕೊನೆಯ ಸಾಲಿಗೆ ಬರೀ ನೀರು. ಅಲ್ಲಿಯ ರೋಗಾಣು ಬದುಕಿರಲೇಬೇಕು. ಅದೂ ಸತ್ತರೆ ಪರೀಕ್ಷೆಯೇ ದಂಡ. ತಟ್ಟೆಯನ್ನು ಇನ್‌ಕ್ಯುಬೇಟರಿಗೆ, ಅಂದರೆ ರೋಗಾಣುಗಳನ್ನು ಮೈಬಿಸಿಯಷ್ಟೇ ಬೆಚ್ಚಗಿಡುವ ಕಪಾಟಿಗೆ ಸೇರಿಸಿದ ಭಾಮೈದ, ತಲೆ ಸುತ್ತಿ ಪಕ್ಕದ ಕೋಣೆಯ ಬೆಂಚಿನ ಮೇಲೆ ಉರುಳಿಕೊಂಡ.

ಮಧ್ಯಾಹ್ನ ಎಲ್ಲರ ಊಟವೂ ಕಲ್ಲಿನಂತೆ ತಣ್ಣಗಿತ್ತು. ನನ್ನ ಡಬ್ಬಿಯಲ್ಲಿ ಮಾತ್ರ ಹಬೆ.

"ಏನ್ರೀ ಇದು, ಡಬ್ಬಿ ಒಳಗೇ ಒಲೆ ಇಟ್ಕೊಂಡಿದ್ದೀರಾ?" ಎಂದರು ಗುಮಾಸ್ತರು.

"ನನ್ನ ಅನ್ನಕ್ಕೆ ಆರೋಕೆ ಧೈರ್ಯ ಬರಲ್ಲ ಸ್ವಾಮಿ!" ಎಂದೆ.

ಭಾಮೈದ ತನ್ನ ಡಬ್ಬಿ ಮುಚ್ಚಿಟ್ಟ. ಕೂತ, ಎದ್ದ, ಉಗುರು ಕಚ್ಚಿದ, ಕಪಾಟಿನವರೆಗೆ ಹೋಗಿ ತೆರೆಯಲು ಹೆದರಿ ವಾಪಸು ಬಂದ. ಮುಳ್ಳಿನ ಮೇಲೆ ನಿಂತವನ ಹಾಗೆ ಸಂಜೆ ಮಾಡಿದ. ಕೊನೆಗೆ ಕಟ್ಟಿದ ಮೂಗಿನಲ್ಲೇ ತಟ್ಟೆ ತೆಗೆದು ತಂದುಕೊಟ್ಟ. ನೋಡಿ ಮುಗಿಸಿ ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದರು.

"ಸತ್ತಿವೆ."

"ಯಾವ ಗಿಡಕ್ಕೆ ಮೇಡಂ?"

"ಎಲ್ಲದಕ್ಕೂ. ನೀರಿಗೂ!"

ಭಾಮೈದನ ಕಿವಿಯಲ್ಲಿ ಗುಂಯ್ ಎಂದು ಸೊಳ್ಳೆಗಳು ಹಾಡಿದವು. ಬೆಳಗಿನ ಕಷಾಯ, ಬೇರು, ಪುಡಿಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಬೈಯಬೇಕಾಗಿದ್ದ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

"ಹಾಗಾದ್ರೆ ಔಷಧ ನಿನ್ನ ರಕ್ತದಲ್ಲೇ ಇದೆ ಕಣೋ!"

"ನನ್ನ ಬೇರು ಅದು!" ಎಂದ ಕಾವಲುಗಾರ. "ನಮ್ಮ ಮನೆತನದ ಪುಡಿ!" ಎಂದರು ಗುಮಾಸ್ತರು. "ಇಬ್ಬರೂ ಪಕ್ಕಕ್ಕೆ ಸರೀರಿ," ಎಂದು ನಾನು ಎದೆ ಉಬ್ಬಿಸಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಕಿಟಕಿ ಒಡೆಯಿತು. "ಮಲೇರಿಯಾ ಸತ್ತಿದ್ದು ನನ್ನ ಕಷಾಯಕ್ಕೆ!"

ಯಾವುದೆಂದು ತಿಳಿಯಲು ಭಾಮೈದ ಮೂರನ್ನೂ ದಿನಕ್ಕೊಂದರಂತೆ ತಿಂದು, ಮತ್ತೆ ಮತ್ತೆ ರಕ್ತ ಕೊಡಬೇಕೆಂದು ತೀರ್ಮಾನವಾಯಿತು. ಮೊದಲು, ಆ ಸಂಜೆಯೇ, ನನ್ನ ಕಷಾಯ. ನಾನೇ ಕುದಿಸಿ, ಬಿಸಿಬಿಸಿ ಲೋಟ ಹಿಡಿದು ಹೋದೆ. ಅವನು ತುಟಿಗಿಟ್ಟ. ಹಬೆ ಮೂಗಿಗೆ ಬಡಿಯಿತು. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

"ಭಾವ, ಮಧ್ಯಾಹ್ನದ ತನಕ ನಿಮ್ಮ ಡಬ್ಬಿ ಎಲ್ಲಿಟ್ಟಿದ್ರಿ?"

"ಡಬ್ಬಿನಾ? ಅದು... ಡಬ್ಬಿ ಇಡೋ ಕಡೆ ಇಟ್ಟಿದ್ದೆ."

ಮೇಡಂ ನೇರವಾಗಿ ಹೋಗಿ ಇನ್‌ಕ್ಯುಬೇಟರಿನ ಬಾಗಿಲು ತೆರೆದರು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಕೋಣೆ ತುಂಬಿತು.

"ಅದು ಗಿಡಮೂಲಿಕೆನೇ ಮೇಡಂ," ಎಂದೆ.

ಭಾಮೈದನ ಮುಖ ಅರಳಿತು. "ನಂದೇನೂ ತಪ್ಪಿಲ್ಲ ಅಲ್ವಾ ಮೇಡಂ?"

"ಕಪಾಟು ಯಾರ ಜವಾಬ್ದಾರಿ?" ಎಂದರು ಮೇಡಂ. "ಹೋಗು, ಸೊಳ್ಳೆಗಳು ಕಾಯ್ತಿವೆ." ಆಮೇಲೆ ನನ್ನ ತೋಳುಗಳನ್ನು ತರಕಾರಿ ಆರಿಸುವವರ ಹಾಗೆ ನೋಡಿ, "ನೀವೂ ಹೋಗಿ. ಪಂಜರ ಎರಡಿವೆ," ಎಂದರು.

ಇನ್ನು ಮುಚ್ಚಿಟ್ಟು ಏನು ಫಲ? ಹುಲಿ ಕರಡಿ ಯಾವುದೂ ಇರಲಿಲ್ಲ. ಸೊಪ್ಪು ಯಾವುದೆಂದು ನನಗೂ ಗೊತ್ತಿಲ್ಲ. ಆ ಕಪಾಟಿನ ಬಿಸಿ ಅನ್ನಕ್ಕೆ ಸಾಲದೆಂದು ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿ, ಡಬ್ಬಿ ತೆಗೆದುಕೊಂಡ ಮೇಲೆ ಮೊದಲಿನಂತೆ ಮಾಡಿದವನು ನಾನೇ. ರೋಗಾಣುಗಳು ಬೆಂದು ಸತ್ತವು, ಪಾಪ. ಆದರೆ ಸೊಳ್ಳೆಗಳು ನನ್ನನ್ನು ಕಂಡರೆ ತಲೆ ತಗ್ಗಿಸುತ್ತವೆ ಎಂದೆನಲ್ಲ, ಅದು ಮಾತ್ರ ಸತ್ಯ. ದಿನಾ ನನ್ನ ತೋಳಿನ ಮೇಲೆ ಕೂತೇ ತಗ್ಗಿಸುತ್ತವೆ.